68 ಗಜ ಮತ್ತು ಒಂದು ಅವಕಾಶ

2025ರ ನವೆಂಬರ್ 2, ಭಾನುವಾರ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಅಲ್ಲಿನ ರೈಡರ್ಸ್ ತಂಡಕ್ಕೂ ಜಾಕ್ಸನ್‌ವಿಲ್ ಜಾಗ್ವಾರ್ಸ್ ತಂಡಕ್ಕೂ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಮೊದಲಾರ್ಧ ಮುಗಿಯುವ ಕ್ಷಣ. ಜಾಗ್ವಾರ್ಸ್‌ನ 22 ವರ್ಷದ ಕ್ಯಾಮ್ ಲಿಟಲ್ ಚೆಂಡನ್ನು ಒದ್ದರು. ಅದು 68 ಗಜ, ಅಂದರೆ ಸುಮಾರು 62 ಮೀಟರ್ ದೂರದಲ್ಲಿದ್ದ ಕಂಬಗಳ ನಡುವೆ ತೂರಿಹೋಯಿತು. ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್ ಇತಿಹಾಸದಲ್ಲೇ ಅತಿ ದೂರದ ಫೀಲ್ಡ್ ಗೋಲ್ ಅದು.

ನಮ್ಮಲ್ಲಿ ಆಗ ಸೋಮವಾರದ ನಸುಕು. ನಾನು ಆ ಪಂದ್ಯ ನೋಡಿದವನಲ್ಲ. ಬೆಳಿಗ್ಗೆ ಎದ್ದು ಮೊಬೈಲ್‌ನಲ್ಲಿ ಅದರ ಚಿಕ್ಕ ವಿಡಿಯೊ ನೋಡಿ ರೂಮ್‌ಮೇಟ್‌ಗೂ ತೋರಿಸಿದೆ. ಆಟದ ಸುದ್ದಿಯನ್ನು ಅವನು ನನಗಿಂತ ಹೆಚ್ಚು ಓದುತ್ತಾನೆ. 'ಈ ವರ್ಷ ಚೆಂಡಿನ ನಿಯಮಾನೇ ಬದಲಾಯಿಸಿದ್ದಾರೆ ಕಣೋ. ದಾಖಲೆ ಆಗದೆ ಇನ್ನೇನಾಗುತ್ತೆ?' ಎಂದು ಫೋನ್ ವಾಪಸ್ ಕೊಟ್ಟ.

ಮೊದಲಿಗೆ ಅವನ ಮಾತು ಸರಿ ಎನಿಸಿತು. ಅನುಕೂಲ ಮಾಡಿಕೊಟ್ಟರೆ ಯಾರು ಬೇಕಾದರೂ ಮಾಡುತ್ತಾರೆ ಎನ್ನುವ ತೀರ್ಪು ನಮ್ಮೆಲ್ಲರ ನಾಲಿಗೆ ತುದಿಯಲ್ಲೇ ಇರುತ್ತದೆ. ಕ್ಲಾಸ್‌ಮೇಟ್‌ಗೆ ಕೆಲಸ ಸಿಕ್ಕಾಗಲೂ 'ಒಳಗೆ ಯಾರೋ ಇದ್ದಿರಬೇಕು' ಎಂದುಬಿಡುತ್ತೇವೆ. ಆದರೆ ಈ ದಾಖಲೆಯ ಹಿಂದಿರುವ ಐವತ್ತೈದು ವರ್ಷಗಳ ಕಥೆಯನ್ನು ಓದುತ್ತಾ ಹೋದಂತೆ ನನ್ನ ಅಭಿಪ್ರಾಯ ಬದಲಾಯಿತು. ಕಾಲಿನ ಬಲ ಒಂದು ಕಡೆ, ಅನುಕೂಲ ಇನ್ನೊಂದು ಕಡೆ. ಎರಡರ ನಡುವೆ ಯಾರೂ ಹೆಚ್ಚು ಮಾತನಾಡದ ಮೂರನೆಯ ಸಂಗತಿಯೊಂದಿದೆ: ಒದೆಯಲು ಬಿಡುವವರು ಯಾರು, ಯಾವಾಗ ಬಿಡುತ್ತಾರೆ ಎನ್ನುವುದು.

ಮೂರು ಪಿಚ್‌ನಷ್ಟು ದೂರ

ಈ ಆಟದ ಪರಿಚಯ ನಮ್ಮಲ್ಲಿ ಕಡಿಮೆ. ಹಾಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಮೈದಾನದ ಉದ್ದ 100 ಗಜ. ಎರಡೂ ತುದಿಗಳಲ್ಲಿ 10 ಗಜದ 'ಎಂಡ್ ಝೋನ್' ಇರುತ್ತದೆ. ಅದರೊಳಗೆ ಚೆಂಡನ್ನು ಒಯ್ದರೆ ಟಚ್‌ಡೌನ್, 6 ಅಂಕ. ದಾಳಿ ಮಾಡುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಮುಂದಕ್ಕೆ ಹೋಗಲಾಗದು ಎನಿಸಿದಾಗ ಚೆಂಡನ್ನು ಒದ್ದು ಕಂಬಗಳ ನಡುವೆ ಕಳಿಸಬಹುದು. ಇದೇ ಫೀಲ್ಡ್ ಗೋಲ್, ಇದಕ್ಕೆ 3 ಅಂಕ. ಕಂಬಗಳು ಎಂಡ್ ಝೋನ್‌ನ ಹಿಂದಿನ ಗೆರೆಯ ಮೇಲಿರುತ್ತವೆ. ಎರಡು ಕಂಬಗಳ ನಡುವೆ ಹದಿನೆಂಟೂವರೆ ಅಡಿ ಅಂತರ. ನೆಲದಿಂದ 10 ಅಡಿ ಎತ್ತರದಲ್ಲಿ ಅಡ್ಡಪಟ್ಟಿ. ಚೆಂಡು ಅದರ ಮೇಲಿನಿಂದ ಹೋಗಬೇಕು.

ಒದೆಯುವುದು ಒಬ್ಬರ ಕೆಲಸವಲ್ಲ. ಸ್ನ್ಯಾಪರ್ ಎಂಬ ಆಟಗಾರ ಬಗ್ಗಿ ನಿಂತು, ತನ್ನ ಎರಡು ಕಾಲುಗಳ ನಡುವಿನಿಂದ ಚೆಂಡನ್ನು ಏಳೆಂಟು ಗಜ ಹಿಂದಕ್ಕೆ ಎಸೆಯುತ್ತಾನೆ. ಅಲ್ಲಿ ಮಂಡಿಯೂರಿದ ಹೋಲ್ಡರ್ ಅದನ್ನು ಹಿಡಿದು ನೆಲಕ್ಕೆ ಊರಿ ಬೆರಳಿನಿಂದ ನಿಲ್ಲಿಸುತ್ತಾನೆ. ಕಿಕ್ಕರ್ ಎರಡು ಹೆಜ್ಜೆ ಓಡಿ ಬಂದು ಒದೆಯುತ್ತಾನೆ. ಇದಿಷ್ಟೂ ಒಂದೂಕಾಲು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ತಡವಾದರೆ ಎದುರಾಳಿಗಳು ನುಗ್ಗಿ ಬಂದು ಚೆಂಡಿಗೆ ಕೈ ಅಡ್ಡ ಹಿಡಿಯುತ್ತಾರೆ. ಹೆಚ್ಚು ದೂರ ಕಳಿಸಬೇಕೆಂದರೆ ಚೆಂಡನ್ನು ತಗ್ಗಿನ ಕೋನದಲ್ಲಿ ಒದೆಯಬೇಕು. ತಗ್ಗಿನಲ್ಲಿ ಒದ್ದರೆ ಆ ಕೈಗಳಿಗೆ ಸಿಗುವ ಅಪಾಯ ಹೆಚ್ಚು.

ದೂರದ ಅಂದಾಜಿಗೆ ನಮ್ಮ ಕ್ರಿಕೆಟ್ ಸಾಕು. ಪಿಚ್‌ನ ಉದ್ದ 22 ಗಜ. ಮೂರು ಪಿಚ್‌ಗಳನ್ನು ಒಂದರ ಮುಂದೊಂದು ಹಾಸಿದರೆ 66 ಗಜ. ಲಿಟಲ್ ಒದ್ದಿದ್ದು ಅದಕ್ಕಿಂತ ಎರಡು ಗಜ ಹೆಚ್ಚು. ಇನ್ನೊಂದು ಸಾಮ್ಯವೂ ಇದೆ. ಸಿಕ್ಸರ್ 70 ಮೀಟರ್ ಹೋದರೂ 100 ಮೀಟರ್ ಹೋದರೂ ಸಿಗುವುದು ಆರೇ ರನ್. ಫೀಲ್ಡ್ ಗೋಲ್ ಕೂಡ ಹಾಗೆಯೇ. ಇಪ್ಪತ್ತು ಗಜದ್ದಕ್ಕೂ ಮೂರು ಅಂಕ, ಅರವತ್ತೆಂಟು ಗಜದ್ದಕ್ಕೂ ಮೂರೇ ಅಂಕ. ಅಂದಮೇಲೆ ಅಷ್ಟು ದೂರದಿಂದ ಯಾವ ತಂಡವೂ ಇಷ್ಟಪಟ್ಟು ಒದೆಯುವುದಿಲ್ಲ. ಬೇರೆ ದಾರಿ ಇಲ್ಲದಾಗ ಒದೆಯುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಅರ್ಧ ಪಾದದ ಆಟಗಾರ

ದೂರದ ಫೀಲ್ಡ್ ಗೋಲ್‌ನ ಕಥೆ ಹೇಳುವವರು ಟಾಮ್ ಡೆಂಪ್ಸಿ ಅವರಿಂದಲೇ ಶುರು ಮಾಡಬೇಕು. ಡೆಂಪ್ಸಿ ಹುಟ್ಟುವಾಗಲೇ ಅವರ ಬಲಪಾದದಲ್ಲಿ ಬೆರಳುಗಳಿರಲಿಲ್ಲ. ಬಲಗೈಯಲ್ಲೂ ಬೆರಳುಗಳಿರಲಿಲ್ಲ. ಅವರು ಒದೆಯುತ್ತಿದ್ದದ್ದು ಅದೇ ಬಲಗಾಲಿನಿಂದ. ಆ ಪಾದಕ್ಕೆ ಹೊಂದುವಂತೆ, ಮುಂಭಾಗ ಚಪ್ಪಟೆಯಾಗಿರುವ ಶೂ ಮಾಡಿಸಿಕೊಂಡಿದ್ದರು.

1970ರ ನವೆಂಬರ್ 8. ನ್ಯೂ ಆರ್ಲಿಯನ್ಸ್‌ನ ಟುಲೇನ್ ಕ್ರೀಡಾಂಗಣದಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮತ್ತು ಡೆಟ್ರಾಯ್ಟ್ ಲಯನ್ಸ್ ಮುಖಾಮುಖಿ. ಲಯನ್ಸ್ 17–16ರಿಂದ ಮುಂದಿತ್ತು. ಉಳಿದಿದ್ದು ಎರಡು ಸೆಕೆಂಡ್. ಆಗಿನ ದಾಖಲೆ 56 ಗಜ. 1953ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ನ ಬರ್ಟ್ ರೆಚಿಚಾರ್ ಮಾಡಿದ್ದು ಅದು. ಎನ್‌ಎಫ್‌ಎಲ್‌ನಲ್ಲಿ ಅವರು ಮಾಡಿದ ಮೊಟ್ಟಮೊದಲ ಫೀಲ್ಡ್ ಗೋಲ್ ಯತ್ನವೇ ದಾಖಲೆಯಾಗಿತ್ತು. ಡೆಂಪ್ಸಿಗೆ ಎದುರಾದದ್ದು ಅದಕ್ಕಿಂತ ಏಳು ಗಜ ದೂರದ ಒದೆತ. ಜಾಕಿ ಬರ್ಕೆಟ್ ಚೆಂಡು ಎಸೆದರು, ಜೋ ಸ್ಕಾರ್ಪಾಟಿ ಹಿಡಿದು ನಿಲ್ಲಿಸಿದರು, ಡೆಂಪ್ಸಿ ಒದ್ದರು. 63 ಗಜ. ಸೇಂಟ್ಸ್ 19–17ರಿಂದ ಗೆದ್ದಿತು.

ಈ ಕಥೆಯನ್ನು ಛಲದ ಕಥೆಯಾಗಿ ಹೇಳುವುದು ವಾಡಿಕೆ. ಛಲ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತಿನ ಸೇಂಟ್ಸ್ ತಂಡದ ಸ್ಥಿತಿಯನ್ನೂ ನೋಡಬೇಕು. ಆ ಇಡೀ ವರ್ಷ ಅದು ಗೆದ್ದದ್ದು ಎರಡೇ ಪಂದ್ಯ. ಅದೇ ವಾರ ಹಳೆಯ ಕೋಚ್‌ ಅವರನ್ನು ತೆಗೆದುಹಾಕಲಾಗಿತ್ತು. ಹೊಸ ಕೋಚ್ ಜೆ.ಡಿ. ರಾಬರ್ಟ್ಸ್‌ಗೆ ಅದು ಮೊದಲ ಪಂದ್ಯ. ಕಳೆದುಕೊಳ್ಳಲು ಏನೂ ಉಳಿದಿಲ್ಲದ ತಂಡ, ಕಳೆದುಕೊಳ್ಳಲು ಸಮಯವೂ ಉಳಿದಿಲ್ಲದ ಪಂದ್ಯ. ಯಾರೂ ದಾಟದ ದೂರಕ್ಕೆ 'ಹೋಗಿ ಒದೆಯಿರಿ' ಎಂದು ಹೇಳಲು ಅಂಥ ಹೊತ್ತು ಬೇಕಾಯಿತು.

ದಾಖಲೆಯ ನಂತರ ನಡೆದದ್ದು ಇನ್ನೂ ಗಮನಿಸಬೇಕಾದ್ದು. ಜನರ ಕಣ್ಣು ಡೆಂಪ್ಸಿಯ ಶೂ ಮೇಲೆ ಬಿತ್ತು. ಚಪ್ಪಟೆ ಮುಂಭಾಗ ಇದ್ದದ್ದರಿಂದಲೇ ಚೆಂಡು ಅಷ್ಟು ದೂರ ಹೋಯಿತು ಎಂಬ ಮಾತು ಎದ್ದಿತು. 1977ರಲ್ಲಿ ಲೀಗ್ ಹೊಸ ನಿಯಮ ತಂದಿತು. ಕೃತಕ ಕಾಲಿನಲ್ಲಿ ಒದೆಯುವ ಆಟಗಾರನ ಶೂ ಕೂಡ ಸಾಮಾನ್ಯ ಶೂನಂತೆಯೇ ಇರಬೇಕು ಎಂಬುದು ಅದರ ಸಾರ. ಜನರ ಬಾಯಲ್ಲಿ ಅದು 'ಟಾಮ್ ಡೆಂಪ್ಸಿ ನಿಯಮ' ಆಯಿತು.

ಆದರೆ ಆ ಕಾಲದಲ್ಲಿ ನೇರವಾಗಿ ಓಡಿಬಂದು ಶೂನ ತುದಿಯಿಂದ ಒದೆಯುತ್ತಿದ್ದ ಕಿಕ್ಕರ್‌ಗಳು ಚೌಕ ತುದಿಯ ಶೂ ಹಾಕುತ್ತಿದ್ದರು. ಅದು ಡೆಂಪ್ಸಿಯೊಬ್ಬರ ಸೌಲಭ್ಯವಾಗಿರಲಿಲ್ಲ. ಇನ್ನೊಂದು ಉದಾಹರಣೆ ನನಗೆ ತುಂಬ ಹಿಡಿಸಿತು. ಈ ನಿಯಮ ಬರುವ ಒಂದು ವರ್ಷ ಮೊದಲು, 1976ರ ಅಕ್ಟೋಬರ್ 16ರಂದು, ಟೆಕ್ಸಸ್ ಎ ಅಂಡ್ ಎಂ ಕಾಲೇಜು ತಂಡದ ಟೋನಿ ಫ್ರಾಂಕ್ಲಿನ್ ಒಂದೇ ಪಂದ್ಯದಲ್ಲಿ 65 ಮತ್ತು 64 ಗಜದ ಫೀಲ್ಡ್ ಗೋಲ್ ಹೊಡೆದರು. ಫ್ರಾಂಕ್ಲಿನ್ ಹೆಸರಾದದ್ದು ಬರಿಗಾಲಲ್ಲಿ ಒದೆಯುವ ಆಟಗಾರ ಎಂದು! ಅದೇ ದಿನ ಅದೇ ಟೆಕ್ಸಸ್ ರಾಜ್ಯದ ಅಬಿಲೀನ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಓವೆ ಯೊಹಾನ್ಸನ್ 69 ಗಜ ಒದ್ದರು. ಸ್ವೀಡನ್‌ನಿಂದ ಬಂದ ಸಾಕರ್ ಆಟಗಾರ ಅವರು. ಕಾಲೇಜು ಆಟದಲ್ಲಿ ಆಗ ಚೆಂಡಿನ ಅಡಿಗೆ ಚಿಕ್ಕ ಆಸರೆ ಇಡಲು ಅನುಮತಿ ಇತ್ತು, ಎನ್‌ಎಫ್‌ಎಲ್‌ನಲ್ಲಿ ಇರಲಿಲ್ಲ. ಹಾಗಾಗಿ ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೂ ದೂರದ ಗುಟ್ಟು ಶೂನಲ್ಲೇ ಇತ್ತು ಎನ್ನುವ ವಾದಕ್ಕೆ ಆ ಬರಿಗಾಲು ಉತ್ತರ ಕೊಟ್ಟಂತಿತ್ತು.

ಡೆಂಪ್ಸಿಯ ದಾಖಲೆ 43 ವರ್ಷ ಉಳಿಯಿತು. 2020ರ ಏಪ್ರಿಲ್‌ನಲ್ಲಿ, 73ನೇ ವಯಸ್ಸಿನಲ್ಲಿ, ಕೋವಿಡ್‌ನಿಂದಾಗಿ ಅವರು ನ್ಯೂ ಆರ್ಲಿಯನ್ಸ್‌ನಲ್ಲೇ ತೀರಿಕೊಂಡರು.

ಕೊನೆಯ ಗಳಿಗೆಯ ದಾಖಲೆಗಳು

ಒಂದೇ ಸಲಕ್ಕೆ ಏಳು ಗಜ ಜಿಗಿದ ದಾಖಲೆ, ಮುಂದಿನ ನಾಲ್ಕು ದಶಕಗಳಲ್ಲಿ ಒಂದು ಗಜವೂ ಮುಂದೆ ಹೋಗಲಿಲ್ಲ ಏಕೆ? ಕಾಲುಗಳು ದುರ್ಬಲವಾದವೇ? ಖಂಡಿತ ಇಲ್ಲ. ಈ ಅವಧಿಯಲ್ಲೇ ಒದೆಯುವ ವಿಧಾನ ಪೂರ್ತಿ ಬದಲಾಯಿತು. 1956ರ ಕ್ರಾಂತಿಯ ನಂತರ ಹಂಗೆರಿ ಬಿಟ್ಟು ಬಂದ ಕುಟುಂಬದ ಹುಡುಗ ಪೀಟ್ ಗೊಗೊಲಾಕ್, 1964ರಲ್ಲಿ ಬಫಲೊ ಬಿಲ್ಸ್ ತಂಡ ಸೇರಿ, ಸಾಕರ್ ಆಟಗಾರರಂತೆ ಓರೆಯಾಗಿ ಓಡಿಬಂದು ಪಾದದ ಮೇಲ್ಭಾಗದಿಂದ ಒದೆಯುವುದನ್ನು ವೃತ್ತಿಪರ ಆಟಕ್ಕೆ ತಂದರು. ಸೊಂಟದ ತಿರುಗುಬಲವೆಲ್ಲ ಚೆಂಡಿಗೆ ಸಿಗುವ ವಿಧಾನ ಅದು. ನೇರ ಒದೆತದ ಕೊನೆಯ ದೊಡ್ಡ ಹೆಸರು ಮಾರ್ಕ್ ಮೋಸ್ಲಿ 1986ರಲ್ಲಿ ನಿವೃತ್ತರಾದ ಮೇಲೆ ಎಲ್ಲರೂ ಓರೆ ಒದೆತದವರೇ. ಆದರೂ ದಾಖಲೆ 63ರಲ್ಲೇ ನಿಂತಿತ್ತು.

ಕಾರಣ ಒದೆಯುವವರ ಕಾಲಿನಲ್ಲಿ ಅಲ್ಲ, ಕೋಚ್‌ಗಳ ಲೆಕ್ಕದಲ್ಲಿದೆ. ಇಂದಿನ ನಿಯಮದಂತೆ, ದೂರದ ಒದೆತ ಗುರಿ ತಪ್ಪಿದರೆ ಎದುರಾಳಿಗೆ ಚೆಂಡು ಸಿಗುವುದು ಒದ್ದ ಜಾಗದಲ್ಲೇ. 68 ಗಜದ ಯತ್ನ ತಪ್ಪಿತೆಂದರೆ ಎದುರಾಳಿ ಮೈದಾನದ ನಡುಗೆರೆ ದಾಟಿ, ನಮ್ಮ ಕಡೆಯಿಂದಲೇ ದಾಳಿ ಶುರು ಮಾಡುತ್ತಾನೆ. ಅದರ ಬದಲು ಚೆಂಡನ್ನು ಎತ್ತರಕ್ಕೆ ಒದ್ದು ಎದುರಾಳಿಯ ತುದಿಗೆ ಕಳಿಸಿಬಿಟ್ಟರೆ ಸುರಕ್ಷಿತ. ಅದಕ್ಕಾಗಿ ಯಾರೂ ಕೋಚ್‌ ಅವರನ್ನು ಬೈಯುವುದಿಲ್ಲ. ದೂರದ ಒದೆತಕ್ಕೆ ಕಳಿಸಿ ಅದು ತಪ್ಪಿದರೆ ಮಾತ್ರ ಬೈಗುಳ.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ದಾಖಲೆಗಳನ್ನು ಸಾಲಾಗಿ ಜೋಡಿಸಿದಾಗ ಒಂದು ಸಂಗತಿ ಎದ್ದು ಕಂಡಿತು. 1970ರಲ್ಲಿ ಡೆಂಪ್ಸಿ, 63 ಗಜ: ಪಂದ್ಯದ ಕೊನೆಯ ಗಳಿಗೆ. 2013ರ ಡಿಸೆಂಬರ್ 8ರಂದು ಡೆನ್ವರ್ ಬ್ರಾಂಕೋಸ್‌ನ ಮ್ಯಾಟ್ ಪ್ರೇಟರ್, 64 ಗಜ: ಮೊದಲಾರ್ಧದ ಕೊನೆಯ ಗಳಿಗೆ. 2021ರ ಸೆಪ್ಟೆಂಬರ್ 26ರಂದು ಬಾಲ್ಟಿಮೋರ್ ರೇವನ್ಸ್‌ನ ಜಸ್ಟಿನ್ ಟಕರ್, 66 ಗಜ: ಪಂದ್ಯದ ಕೊನೆಯ ಗಳಿಗೆ. 2025ರಲ್ಲಿ ಲಿಟಲ್, 68 ಗಜ: ಮೊದಲಾರ್ಧದ ಕೊನೆಯ ಗಳಿಗೆ. ನಾಲ್ಕೂ ಸಲ ಗಡಿಯಾರದಲ್ಲಿ ಸಮಯ ಇರಲಿಲ್ಲ. ತಪ್ಪಿದರೂ ಆ ಜಾಗದಿಂದ ಎದುರಾಳಿ ಹೊಸ ದಾಳಿ ಕಟ್ಟುವ ಭಯ ಇರಲಿಲ್ಲ. 'ಹೋದರೆ ಹೋಯಿತು' ಎನ್ನುವ ಸ್ಥಿತಿಯಲ್ಲಿ ಮಾತ್ರ ಆ ಕಾಲುಗಳಿಗೆ ಅನುಮತಿ ಸಿಕ್ಕಿತು.

ಟಕರ್ ಅವರ ಒದೆತವಂತೂ ಡೆಂಪ್ಸಿ ಕಥೆಯ ಮರುಪ್ರದರ್ಶನದಂತಿತ್ತು. ಎದುರಾಳಿ ಅದೇ ಡೆಟ್ರಾಯ್ಟ್ ಲಯನ್ಸ್. ಒದೆಯುವ ಮೊದಲು ಸ್ಕೋರು ಅದೇ 17–16. ಸ್ನ್ಯಾಪರ್ ನಿಕ್ ಮೂರ್, ಹೋಲ್ಡರ್ ಸ್ಯಾಮ್ ಕಾಕ್ ತಮ್ಮ ಕೆಲಸ ಮುಗಿಸಿದರು. ಟಕರ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು, ಮೇಲಕ್ಕೆ ಪುಟಿದು, ಆಚೆ ಬಿತ್ತು. ಫಲಿತಾಂಶ ಅದೇ 19–17. ಅಡ್ಡಪಟ್ಟಿಯ ಮೇಲೆ ಆ ಚೆಂಡು ಕೆಲವು ಅಂಗುಲ ಈಚೆಗೆ ಬಡಿದಿದ್ದರೆ ಅವತ್ತು ದಾಖಲೆಯೂ ಇಲ್ಲ, ಗೆಲುವೂ ಇಲ್ಲ.

ಹಾಗೆಂದು ಕೊನೆಯ ಗಳಿಗೆಯಲ್ಲಿ ಅಪಾಯವೇ ಇಲ್ಲ ಎಂದಲ್ಲ. ಒದೆತ ಗುರಿ ಮುಟ್ಟದೆ ಮೈದಾನದೊಳಗೇ ಬಿದ್ದರೆ ಎದುರಾಳಿ ಅದನ್ನು ಹಿಡಿದು ಓಡಬಹುದು. ಟಕರ್ ದಾಖಲೆ ಮಾಡಿದ ದಿನವೇ ಇನ್ನೊಂದು ಊರಿನಲ್ಲಿ, ಆ ಹೊತ್ತಿಗೆ ಅರಿಜೋನಾ ಕಾರ್ಡಿನಲ್ಸ್ ಸೇರಿದ್ದ ಪ್ರೇಟರ್, ಮೊದಲಾರ್ಧದ ಕೊನೆಗೆ 68 ಗಜದ ಯತ್ನಕ್ಕೆ ಇಳಿದರು. ಚೆಂಡು ಗುರಿಗಿಂತ ಮೊದಲೇ ಇಳಿಯಿತು. ಜಾಗ್ವಾರ್ಸ್‌ನ ಜಮಾಲ್ ಆಗ್ನ್ಯೂ ಅದನ್ನು ಹಿಡಿದು ಇಡೀ ಮೈದಾನ ಓಡಿ, 109 ಗಜದ ಟಚ್‌ಡೌನ್ ಮಾಡಿದರು. ಒಂದೇ ದಿನ ಒಬ್ಬರ ಧೈರ್ಯಕ್ಕೆ ದಾಖಲೆ ಸಿಕ್ಕಿತು, ಇನ್ನೊಬ್ಬರ ಧೈರ್ಯಕ್ಕೆ ಆರು ಅಂಕದ ದಂಡ. ಪ್ರೇಟರ್ ಕಳೆದುಕೊಂಡದ್ದು ಅಷ್ಟೇ ಅಲ್ಲ. ಅದೇ ದಿನ ಟಕರ್ ಮುರಿದದ್ದು ಅವರದೇ ದಾಖಲೆಯನ್ನು.

ಚೆಂಡು, ಚಾವಣಿ, ಎತ್ತರ

ಈಗ ನನ್ನ ರೂಮ್‌ಮೇಟ್ ಎತ್ತಿದ ಪ್ರಶ್ನೆಗೆ ಬರುತ್ತೇನೆ. ಅವನು ಹೇಳಿದ್ದು ಸುಳ್ಳಲ್ಲ. ಒದೆಯಲು ಬಳಸುವ ಚೆಂಡುಗಳಿಗೆ ಎನ್‌ಎಫ್‌ಎಲ್‌ನಲ್ಲಿ 'ಕೆ-ಬಾಲ್' ಎನ್ನುತ್ತಾರೆ. ಹೊಸ ಚೆಂಡಿನ ಚರ್ಮ ಗಟ್ಟಿ, ಜಾರುಜಾರು. ಅದನ್ನು ಉಜ್ಜಿ, ಬ್ರಷ್ ಹಾಕಿ, ಹದ ಮಾಡಿದಷ್ಟೂ ಮೆತ್ತಗಾಗಿ ದೂರ ಹೋಗುತ್ತದೆ. ತಂಡಗಳು ಈ ಹದ ಮಾಡುವುದರಲ್ಲಿ ಮಿತಿ ಮೀರಿದ್ದರಿಂದಲೇ 1999ರಲ್ಲಿ ಕಿಕ್ಕರ್‌ಗಳಿಗೆ ಪ್ರತ್ಯೇಕ ಚೆಂಡು ತರಲಾಯಿತು. ಅದನ್ನು ಪಂದ್ಯದ ದಿನವೇ, ನಿಗದಿತ ಹೊತ್ತಿನಲ್ಲಷ್ಟೇ ಹದ ಮಾಡಬೇಕಿತ್ತು. 2025ರಲ್ಲಿ ಈ ಕಟ್ಟು ಸಡಿಲಿಸಿದರು. ತಂಡಗಳು ಮೊದಲೇ ಚೆಂಡು ಪಡೆದು ನಿಧಾನವಾಗಿ ಪಳಗಿಸಬಹುದು. ಆ ಋತುವಿನ ಶುರುವಿನಲ್ಲೇ ದೂರದ ಗೋಲುಗಳ ಸುರಿಮಳೆ ಆದದ್ದೂ ನಿಜ. ಸೆಪ್ಟೆಂಬರ್‌ನಲ್ಲಿ ಡಲ್ಲಾಸ್‌ನ ಬ್ರ್ಯಾಂಡನ್ ಆಬ್ರಿ 64 ಗಜ, ಟ್ಯಾಂಪಾ ಬೇ ತಂಡದ ಚೇಸ್ ಮೆಕ್‌ಲಾಫ್ಲಿನ್ 65 ಗಜ ಒದ್ದರು. ಹಾಗಾಗಿ ಚೆಂಡಿನ ಪಾಲನ್ನು ನಿರಾಕರಿಸುವುದು ಪ್ರಾಮಾಣಿಕವಲ್ಲ.

ಆದರೆ ಅನುಕೂಲದ ಲೆಕ್ಕ ಹಾಕುವುದಾದರೆ ಎಲ್ಲರದೂ ಹಾಕಬೇಕು. ಪ್ರೇಟರ್ ದಾಖಲೆ ಮಾಡಿದ್ದು ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದ ಡೆನ್ವರ್‌ನಲ್ಲಿ. ಅಲ್ಲಿ ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. 1998ರಲ್ಲಿ ಜೇಸನ್ ಎಲಾಮ್, 2011ರಲ್ಲಿ ಸೆಬಾಸ್ಟಿಯನ್ ಜಾನಿಕೋವ್‌ಸ್ಕಿ 63 ಗಜ ಸರಿಗಟ್ಟಿದ್ದೂ ಅದೇ ಊರಿನಲ್ಲಿ. ಆದರೆ ಪ್ರೇಟರ್ ಒದ್ದ ದಿನ ಅಲ್ಲಿ ಕೊರೆಯುವ ಚಳಿ. ಚಳಿಗೆ ಚೆಂಡು ಗಟ್ಟಿಯಾಗುತ್ತದೆ. ಅನುಕೂಲ, ಅನಾನುಕೂಲ ಎರಡೂ ಒಟ್ಟಿಗೇ ಬಂದಿದ್ದವು. ಟಕರ್ ಮತ್ತು ಲಿಟಲ್ ಒದ್ದದ್ದು ಚಾವಣಿ ಇರುವ ಕ್ರೀಡಾಂಗಣಗಳಲ್ಲಿ. ಅಲ್ಲಿ ಗಾಳಿಯ ಕಾಟವಿಲ್ಲ, ಗಾಳಿಯ ಸಹಾಯವೂ ಇಲ್ಲ. ಇನ್ನು ಟಕರ್ 66 ಗಜ ಒದ್ದದ್ದೂ, ಆಬ್ರಿ 2024ರಲ್ಲಿ 65 ಗಜ ಒದ್ದದ್ದೂ ಹಳೆಯ ಚೆಂಡಿನ ನಿಯಮದಡಿಯಲ್ಲೇ.

ನನ್ನ ತೀರ್ಮಾನ ಇಷ್ಟು. ಸಡಿಲಿಸಿದ ನಿಯಮ 32 ತಂಡಗಳಿಗೂ ಒಂದೇ. ಎಲ್ಲರ ಕೈಗೂ ಹದವಾದ ಚೆಂಡು ಬಂತು, 68 ಗಜ ದಾಟಿಸಿದ್ದು ಒಬ್ಬರೇ. ಅನುಕೂಲ ದೂರವನ್ನು ಹೆಚ್ಚಿಸುತ್ತದೆ. ಆದರೆ ಅದೇ ಅನುಕೂಲ ಇದ್ದ ಉಳಿದವರ ನಡುವೆ ಒಬ್ಬರು ಏಕೆ ಮುಂದೆ ಹೋದರು ಎಂಬುದನ್ನು ಅದು ಹೇಳುವುದಿಲ್ಲ. ಡೆಂಪ್ಸಿಯ ಶೂ ನೋಡಿದವರು ಮಾಡಿದ ತಪ್ಪನ್ನೇ ಲಿಟಲ್‌ ಅವರ ಚೆಂಡು ನೋಡಿ ನಾವು ಮಾಡಬಾರದು.

ಆಯ್ಕೆಯಾಗದವರ ಪಟ್ಟಿ

ಓದುತ್ತಾ ಹೋದಾಗ ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ವಿಚಾರ. ಎನ್‌ಎಫ್‌ಎಲ್ ತಂಡಗಳು ಪ್ರತಿ ವರ್ಷ ಕಾಲೇಜು ಆಟಗಾರರನ್ನು 'ಡ್ರಾಫ್ಟ್' ಮೂಲಕ ಆರಿಸಿಕೊಳ್ಳುತ್ತವೆ. ನಮ್ಮ ಕ್ಯಾಂಪಸ್ ಸೆಲೆಕ್ಷನ್ ಇದ್ದ ಹಾಗೆ. ಕಿಕ್ಕರ್‌ಗಳಿಗೆ ಅದರಲ್ಲಿ ಬೇಡಿಕೆ ಕಡಿಮೆ. ಒಂದು ತಂಡಕ್ಕೆ ಸಾಮಾನ್ಯವಾಗಿ ಒಬ್ಬರೇ ಕಿಕ್ಕರ್, ಅಂದರೆ ಇಡೀ ಲೀಗ್‌ನಲ್ಲಿ ಇರುವ ಕೆಲಸವೇ ಸುಮಾರು 32. ಡೆಂಪ್ಸಿಯನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ. ಪ್ರೇಟರ್ ಅವರನ್ನೂ ಆರಿಸಿರಲಿಲ್ಲ, ಡೆನ್ವರ್ ತಲುಪುವ ಮೊದಲು ಬೇರೆ ತಂಡಗಳು ಅವರನ್ನು ಕೈಬಿಟ್ಟಿದ್ದವು. ಟಕರ್ ಅವರನ್ನೂ ಆರಿಸಿರಲಿಲ್ಲ. ದಾಖಲೆಯನ್ನು 63, 64, 66ಕ್ಕೆ ಒಯ್ದ ಮೂವರೂ ಮೊದಲ ಸುತ್ತಿನ ಆಯ್ಕೆಯಲ್ಲಿ ಯಾರಿಗೂ ಬೇಡವಾದವರು. ಲಿಟಲ್ ಒಬ್ಬರೇ ಡ್ರಾಫ್ಟ್ ಆದವರು, ಅದೂ 2024ರ ಆರನೇ ಸುತ್ತಿನಲ್ಲಿ.

ಆಬ್ರಿ ಅವರ ಹಾದಿ ಇನ್ನೂ ದೂರದ್ದು. ಅವರು ಮೂಲತಃ ಸಾಕರ್ ಆಟಗಾರ. 2017ರಲ್ಲಿ ಟೊರಾಂಟೊ ಎಫ್‌ಸಿ ಅವರನ್ನು ಆರಿಸಿಕೊಂಡರೂ ಆ ವೃತ್ತಿ ಕೈ ಹಿಡಿಯಲಿಲ್ಲ. ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದರು. ಒಂದು ದಿನ ಟಿವಿಯಲ್ಲಿ ಫೀಲ್ಡ್ ಗೋಲ್ ನೋಡುತ್ತಿದ್ದಾಗ, 'ಇದನ್ನು ನೀವೂ ಮಾಡಬಹುದಲ್ಲ' ಎಂಬರ್ಥದ ಮಾತು ಹೆಂಡತಿಯಿಂದ ಬಂತು. ಅಲ್ಲಿಂದ ಅಭ್ಯಾಸ ಶುರು. 2022 ಮತ್ತು 2023ರಲ್ಲಿ ಯುಎಸ್‌ಎಫ್‌ಎಲ್ ಎಂಬ ಚಿಕ್ಕ ಲೀಗ್‌ನಲ್ಲಿ ಆಡಿದರು. ಅದನ್ನು ನೋಡಿ ಡಲ್ಲಾಸ್ ಕೌಬಾಯ್ಸ್ ಕರೆಯಿತು. ಎನ್‌ಎಫ್‌ಎಲ್‌ನಲ್ಲಿ ಅವರ ಮೊದಲ 35 ಫೀಲ್ಡ್ ಗೋಲ್ ಯತ್ನಗಳೂ ಸತತವಾಗಿ ಗುರಿ ಮುಟ್ಟಿದವು. ವೃತ್ತಿಜೀವನದ ಆರಂಭಕ್ಕೆ ಅದೇ ಒಂದು ದಾಖಲೆ.

ಇಲ್ಲಿ ನನ್ನ ಮಾತು ಒಂದೆರಡು. ಡಿಗ್ರಿ ಮುಗಿಸಿ ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದೇನೆ. ಹೋದ ತಿಂಗಳು ಒಂದು ಸಂದರ್ಶನದಲ್ಲಿ ಎಲ್ಲ ಮುಗಿದ ಮೇಲೆ 'ಎರಡು ವರ್ಷದ ಅನುಭವ ಇದ್ದಿದ್ದರೆ ನೋಡಬಹುದಿತ್ತು' ಎಂದರು. ಜಾಹೀರಾತಿನಲ್ಲಿ ಹೊಸಬರೂ ಅರ್ಜಿ ಹಾಕಬಹುದು ಎಂದೇ ಇತ್ತು. ಅವರ ಮೇಲೆ ಸಿಟ್ಟು ಬಂತು. ಈಗ ಯೋಚಿಸಿದರೆ ಅವರೂ ಆ ಕೋಚ್‌ಗಳ ಲೆಕ್ಕವನ್ನೇ ಹಾಕಿದ್ದರು ಎನಿಸುತ್ತದೆ. ಅನುಭವಿಯನ್ನು ತೆಗೆದುಕೊಂಡು ಅವನು ವಿಫಲನಾದರೆ ಯಾರೂ ಕೇಳುವುದಿಲ್ಲ. ಹೊಸಬನನ್ನು ತೆಗೆದುಕೊಂಡು ಅವನು ವಿಫಲನಾದರೆ ತೆಗೆದುಕೊಂಡವರಿಗೆ ಪ್ರಶ್ನೆ. ಲೆಕ್ಕ ಅರ್ಥವಾಯಿತು ಎಂದ ಮಾತ್ರಕ್ಕೆ ಅದು ಸರಿ ಎಂದು ನಾನು ಒಪ್ಪುವುದಿಲ್ಲ. ದೂರದಿಂದ ಒದ್ದು ತೋರಿಸಿದವರಿಗೆ ಮಾತ್ರ ದೂರದಿಂದ ಒದೆಯಲು ಬಿಡುತ್ತೇವೆ ಎಂದರೆ, ಯಾರೂ ಎಂದೂ ಶುರು ಮಾಡಲಾಗದು. ನಾಲ್ಕು ದಶಕ ಆ ದಾಖಲೆ ಕದಲದೇ ಇದ್ದದ್ದರಲ್ಲಿ ಈ ಲೆಕ್ಕದ ಪಾಲು ದೊಡ್ಡದು.

ಹಾಗಾದರೆ ಬೀಗ ತೆಗೆಯುವುದು ಹೇಗೆ? ಲಿಟಲ್ ಅವರ ಕಥೆಯಲ್ಲಿ ಇದಕ್ಕೆ ಅರ್ಧ ಉತ್ತರವಿದೆ. ಲಾಸ್ ವೇಗಸ್‌ನ 68 ಗಜಕ್ಕಿಂತ ಮೂರು ತಿಂಗಳ ಮೊದಲು, 2025ರ ಆಗಸ್ಟ್ 9ರಂದು, ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧದ ಪಂದ್ಯದಲ್ಲಿ ಅವರು 70 ಗಜ ಒದ್ದಿದ್ದರು! ಅದು ಋತು ಶುರುವಾಗುವ ಮೊದಲಿನ ಅಭ್ಯಾಸ ಪಂದ್ಯ. ಹಾಗಾಗಿ ಅಧಿಕೃತ ದಾಖಲೆಗೆ ಅದು ಸೇರಲಿಲ್ಲ. ಆದರೆ ಕೋಚ್ ಲಿಯಮ್ ಕೋಎನ್ ಅದನ್ನು ನೋಡಿದ್ದರು, ತಂಡ ನೋಡಿತ್ತು. ನವೆಂಬರ್‌ನಲ್ಲಿ 68 ಗಜ ಎದುರಾದಾಗ 'ಇದು ಆಗದು' ಎನ್ನುವ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ರಾಸ್ ಮಟಿಸಿಕ್ ಚೆಂಡು ಎಸೆದರು, ಲೋಗನ್ ಕುಕ್ ಹಿಡಿದು ನಿಲ್ಲಿಸಿದರು, ಲಿಟಲ್ ಒದ್ದರು. ಆ ಪಂದ್ಯವನ್ನು ಜಾಗ್ವಾರ್ಸ್ ಹೆಚ್ಚುವರಿ ಅವಧಿಯಲ್ಲಿ ಗೆದ್ದದ್ದು 30–29ರಿಂದ, ಒಂದೇ ಒಂದು ಅಂಕದಿಂದ. ಮೊದಲಾರ್ಧದ ಕೊನೆಗೆ 'ಹೋದರೆ ಹೋಯಿತು' ಎಂದು ತೆಗೆದುಕೊಂಡ ಆ ಮೂರು ಅಂಕ ಇಲ್ಲದಿದ್ದರೆ ಫಲಿತಾಂಶ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕಕ್ಕೆ ಬಾರದ ಆ 70 ಗಜವೇ ಲೆಕ್ಕಕ್ಕೆ ಬಂದ 68 ಗಜಕ್ಕೆ ದಾರಿ ಮಾಡಿತು. ಆಬ್ರಿಗೆ ಚಿಕ್ಕ ಲೀಗ್ ಮಾಡಿದ್ದೂ ಅದೇ ಕೆಲಸ. ನಮ್ಮ ಪಾಲಿಗೆ ಬರುವ ಇಂಟರ್ನ್‌ಶಿಪ್, ತಿಂಗಳ ತಾತ್ಕಾಲಿಕ ಕೆಲಸ, ಕಾಲೇಜಿನ ಪ್ರಾಜೆಕ್ಟ್ ಇವುಗಳನ್ನು ಇನ್ನು ಮುಂದೆ ಬರೀ ಸರ್ಟಿಫಿಕೇಟ್‌ಗೆಂದು ಮಾಡಬಾರದು ಎಂದುಕೊಂಡಿದ್ದೇನೆ. ಆದರೆ ಇದು ಅರ್ಧ ಉತ್ತರ ಮಾತ್ರ. ಉಳಿದರ್ಧ ನಮ್ಮ ಕೈಯಲ್ಲಿಲ್ಲ. ಆಗಸ್ಟ್‌ನ ಆ ಪಂದ್ಯದಲ್ಲೂ ಯಾರೋ ಒಬ್ಬರು ಲಿಟಲ್‌ಗೆ 70 ಗಜದಿಂದ ಒದೆಯಲು ಹೇಳಿದ್ದರು. ತಪ್ಪಿದರೆ ನಷ್ಟವಿಲ್ಲದ ಅಂಥ ಅಂಗಳಗಳನ್ನು ಹೊಸಬರಿಗೆ ಒದಗಿಸುವುದು ಕೆಲಸ ಕೊಡುವವರ ಹೊಣೆ. ಅನುಭವ ಕೇಳುವವರು ಅನುಭವ ಸಿಗುವ ಜಾಗವನ್ನೂ ತೋರಿಸಬೇಕು.

ಇದನ್ನೆಲ್ಲ ಹೇಳಿದಾಗ ರೂಮ್‌ಮೇಟ್ ಸ್ವಲ್ಪ ಹೊತ್ತು ಸುಮ್ಮನಿದ್ದ. 'ಚೆಂಡು ಬದಲಾಗಿದ್ದು ಮಾತ್ರ ನಿಜ ತಾನೇ?' ಎಂದ. ನಿಜ ಎಂದೆ. ಆಮೇಲೆ ಅವನೇ ಆ 70 ಗಜದ ವಿಡಿಯೊ ಹುಡುಕಿ ತೆಗೆದ. ಇಬ್ಬರೂ ಎರಡು ಸಲ ನೋಡಿದೆವು.